ನೆರೆಸರಕಾರಗಳ ಸಹಕಾರ: ನಮ್ಮ ಮಕ್ಕಳ ಪಾಲಿಗೆ ಬಂದದ್ದೆಷ್ಟು?

ಎರಡು ನೆರೆರಾಜ್ಯಗಳ ಮುಖ್ಯಮಂತ್ರಿಗಳು ಒಂದೆಡೆ ಕುಳಿತು ಮಾತನಾಡಿದರೆಂಬ ವಾರ್ತೆ ವೃತ್ತಪತ್ರಿಕೆಗಳಲ್ಲಿ ಬಂದಾಗಲೆಲ್ಲ ಗಡಿನಾಡಿನಲ್ಲಿರುವ ನಮ್ಮ ಕಿವಿ ನೆಟ್ಟಗಾಗುವುದು ಸಹಜ. ನೀರಿನ ಮಾತೋ, ರಸ್ತೆಯ ಮಾತೋ, ಗಡಿಯ ಮಾತೋ ಎಂದು ಸಾಲು ಸಾಲನ್ನೂ ಬಿಡದೆ ಓದುತ್ತೇವೆ. ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಇಷ್ಟು ದೊಡ್ಡವರು ಕೂಡಿ ಆಡಿದ ಮಾತಿನಲ್ಲಿ ನಮ್ಮ ಮನೆಯ ಮಗುವಿನ ಪಾಟಿಚೀಲಕ್ಕೆ ಬಂದದ್ದೇನು?

ಈ ತಿಂಗಳ ಅಂಕಣದಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ನಾವು ರಾಜಕಾರಣಿಗಳಲ್ಲ, ವಕೀಲರಲ್ಲ. ಅಕ್ಕಲಕೋಟೆ ಸೀಮೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯನ್ನು ನಡೆಸಿಕೊಂಡು ಬಂದಿರುವ ಉಪಾಧ್ಯಾಯರು. ಆದುದರಿಂದ ಸರಕಾರಗಳ ಸಹಕಾರವೆಂಬ ದೊಡ್ಡ ವಿಷಯವನ್ನು ನಾವು ಅಳೆಯುವ ಅಳತೆಗೋಲು ಹಾಜರಿ ಪುಸ್ತಕವೇ. ವಾಚಕರು ಇದನ್ನು ಮನ್ನಿಸಿ ಓದಬೇಕೆಂದು ವಿನಂತಿ.

1956ರ ಏರ್ಪಾಡು

ಭಾಷಾವಾರು ಪ್ರಾಂತಗಳು 1956ರ ನವೆಂಬರ್ 1ರಂದು ಅಸ್ತಿತ್ವಕ್ಕೆ ಬಂದುವೆಂಬುದನ್ನು ನಾವೆಲ್ಲ ಬಲ್ಲೆವು. ಆ ದಿನ ಗಡಿಗೆರೆ ಎಲ್ಲಿ ಬಿತ್ತು, ಯಾವ ಊರು ಯಾವ ಕಡೆಗೆ ಹೋಯಿತು ಎಂಬುದರ ನೋವು ನಮ್ಮ ಹಿರಿಯರ ಮಾತುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಗೆರೆ ಎಳೆದ ಅದೇ ಕಾನೂನಿನಲ್ಲಿ, ಅಂದರೆ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯಲ್ಲಿ, ಗೆರೆಯ ಎರಡು ಬದಿಯವರನ್ನು ಕೂಡಿಸಿ ಕೂರಿಸುವ ಏರ್ಪಾಡೂ ಇತ್ತೆಂಬುದು ಅನೇಕರಿಗೆ ತಿಳಿಯದು. ಅವೇ ವಲಯ ಪರಿಷತ್ತುಗಳು. ಭಾಷೆಯ ಹೆಸರಿನಲ್ಲಿ ಬೇರೆಯಾದ ರಾಜ್ಯಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ಕುಳಿತಾವೆಂಬ ಭಯ ಅಂದಿನ ಪ್ರಧಾನಿ ಜವಾಹರಲಾಲ ನೆಹರೂ ಅವರಿಗಿತ್ತು. ಕೂಡಿ ಕೆಲಸ ಮಾಡುವ ಅಭ್ಯಾಸವನ್ನು ಬೆಳೆಸಬೇಕೆಂಬ ಉದ್ದೇಶದಿಂದ ಅವರು ಈ ಸಲಹೆಯನ್ನು ಮುಂದಿಟ್ಟರು. ಉತ್ತರ, ಮಧ್ಯ, ಪೂರ್ವ, ಪಶ್ಚಿಮ, ದಕ್ಷಿಣ ಎಂದು ದೇಶವನ್ನು ಐದು ವಲಯಗಳಾಗಿ ವಿಂಗಡಿಸಲಾಯಿತು. ಪ್ರತಿಯೊಂದು ಪರಿಷತ್ತಿಗೂ ಕೇಂದ್ರದ ಗೃಹಮಂತ್ರಿಗಳೇ ಅಧ್ಯಕ್ಷರು. ಆಯಾ ವಲಯದ ಮುಖ್ಯಮಂತ್ರಿಗಳು ಸರದಿಯ ಮೇಲೆ ಉಪಾಧ್ಯಕ್ಷರು. ಪ್ರತಿಯೊಂದು ರಾಜ್ಯದಿಂದ ಮತ್ತಿಬ್ಬರು ಸಚಿವರು ಸದಸ್ಯರು.

ಈ ಪರಿಷತ್ತುಗಳು ಏನನ್ನು ಚರ್ಚಿಸಬಹುದು? ಆರ್ಥಿಕ ಮತ್ತು ಸಾಮಾಜಿಕ ಯೋಜನೆಗಳಲ್ಲಿ ನೆರೆರಾಜ್ಯಗಳಿಗೆ ಸಮಾನವಾದ ವಿಷಯಗಳು, ಗಡಿ ವಿವಾದಗಳು, ಅಂತರರಾಜ್ಯ ಸಾರಿಗೆ, ಇವುಗಳ ಜೊತೆಗೆ ಭಾಷಾ ಅಲ್ಪಸಂಖ್ಯಾತರ ವಿಷಯ ಎಂದು ಕಾಯಿದೆಯೇ ಹೇಳುತ್ತದೆ. ಈ ಕೊನೆಯ ಮಾತನ್ನು ಗಡಿನಾಡಿನ ಪ್ರತಿಯೊಂದು ಕನ್ನಡ ಕುಟುಂಬವೂ ನೆನಪಿನಲ್ಲಿಡಬೇಕು. ನಮ್ಮ ಮಕ್ಕಳ ಕನ್ನಡ ಶಾಲೆಯ ಪ್ರಶ್ನೆ ಯಾರೋ ದಯೆಯಿಂದ ಕೇಳಬೇಕಾದ ಪ್ರಶ್ನೆಯಲ್ಲ. ನೆರೆಯ ಸರಕಾರಗಳು ಕೂಡಿ ಕುಳಿತಾಗ ಚರ್ಚಿಸಬೇಕಾದ ವಿಷಯವೆಂದು ಕಾನೂನಿನಲ್ಲೇ ಬರೆದಿಟ್ಟಿರುವ ಪ್ರಶ್ನೆ.

ಅದೇ 1956ರಲ್ಲಿ ನಮ್ಮ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯಾಗಿ ಎರಡು ವಿಧಿಗಳು ಸೇರಿದುವು. 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಹೇಳುತ್ತದೆ. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರಬೇಕೆಂದೂ, ಅವರ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿನ ಎರಡೂ ಸದನಗಳ ಮುಂದೆ ಬರಬೇಕೆಂದೂ ವಿಧಿಸುತ್ತದೆ.

ಹತ್ತು ಮಕ್ಕಳ ಲೆಕ್ಕ

ಈ ದೊಡ್ಡ ಮಾತುಗಳು ಶಾಲೆಯ ಹೊಸ್ತಿಲಿಗೆ ಬಂದು ತಲಪಿದ್ದು ಒಂದು ಚಿಕ್ಕ ಲೆಕ್ಕದ ರೂಪದಲ್ಲಿ. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ನಿರ್ಣಯ ಕೈಗೊಂಡಿತು. ಒಂದು ತರಗತಿಯಲ್ಲಿ ಹತ್ತು ಮಕ್ಕಳು, ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಒಂದು ಭಾಷೆಯವರಿದ್ದರೆ, ಅವರಿಗೆ ಆ ಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯರನ್ನು ಕೊಡಬೇಕು. 1956ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಜ್ಞಾಪನ ಪತ್ರವು ಇದನ್ನು ಎತ್ತಿಹಿಡಿಯಿತು. 1959ರಲ್ಲಿ ದಕ್ಷಿಣ ವಲಯ ಪರಿಷತ್ತು ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ಕುರಿತು ನಿರ್ಣಯಗಳನ್ನು ಮಾಡಿತು. 1961ರ ಮುಖ್ಯಮಂತ್ರಿಗಳ ಸಮ್ಮೇಳನ ಮತ್ತೂ ಮುಂದೆ ಹೋಗಿ, ಪ್ರೌಢಶಾಲೆಯ ಕೊನೆಯ ನಾಲ್ಕು ತರಗತಿಗಳಲ್ಲಿ ಒಟ್ಟು 60 ಮಕ್ಕಳು, ಪ್ರತಿ ತರಗತಿಯಲ್ಲಿ 15 ಮಕ್ಕಳು ಇದ್ದರೆ ಅಲ್ಲಿಯೂ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂದು ಒಪ್ಪಿಕೊಂಡಿತು. ಜನಸಂಖ್ಯೆಯಲ್ಲಿ ನೂರಕ್ಕೆ 15ರಿಂದ 20ರಷ್ಟು ಜನ ಒಂದು ಭಾಷೆಯವರಿರುವ ಪ್ರದೇಶದಲ್ಲಿ ಮುಖ್ಯವಾದ ಸರಕಾರಿ ಪ್ರಕಟಣೆಗಳು ಆ ಭಾಷೆಯಲ್ಲಿಯೂ ಬರಬೇಕೆಂಬುದೂ ಆ ಸಮ್ಮೇಳನದ ಮಾತೇ.

ಇದರೊಡನೆ ಇನ್ನೊಂದು ಉಪಾಯವೂ ರೂಢಿಗೆ ಬಂದಿತು. ಅದು ಮುಂಗಡ ನೋಂದಣಿ. ಶಾಲೆಯ ವರ್ಷ ಆರಂಭವಾಗುವುದಕ್ಕೆ ಮೊದಲೇ, ತಮ್ಮ ಮಗುವಿಗೆ ಯಾವ ಭಾಷೆಯಲ್ಲಿ ಶಿಕ್ಷಣ ಬೇಕೆಂಬುದನ್ನು ಪಾಲಕರು ಶಾಲೆಯ ಪುಸ್ತಕದಲ್ಲಿ ಬರೆಸಬಹುದು. ಒಂದು ಶಾಲೆಯಲ್ಲಿ ಎಂಟೇ ಮಕ್ಕಳಾದರೆ, ಹತ್ತಿರದ ಶಾಲೆಯ ಮಕ್ಕಳನ್ನು ಕೂಡಿಸಿಕೊಂಡು ಒಂದು ತರಗತಿ ಮಾಡಬಹುದು. ಇದು ಎಷ್ಟು ಸರಳವಾದ, ಎಷ್ಟು ವಿವೇಕದ ಏರ್ಪಾಡು! ಆದರೆ ಈ ಪುಸ್ತಕ ಎಲ್ಲಿದೆ, ಅದರಲ್ಲಿ ಯಾವಾಗ ಬರೆಸಬೇಕು ಎಂದು ಕೇಳಿಕೊಂಡು ಬರುವ ಪಾಲಕರು ನಮ್ಮ ಸೀಮೆಯಲ್ಲಿ ಬೆರಳೆಣಿಕೆಯಷ್ಟು. ಕೇಳದ ವಸ್ತುವನ್ನು ಸರಕಾರ ಮನೆಗೆ ತಂದು ಕೊಡುವುದಿಲ್ಲ.

ಎಲ್ಲಿ ಕುಂಟುತ್ತದೆ?

ಹಾಗಾದರೆ ಎಲ್ಲವೂ ಸರಿಯಾಗಿದೆಯೇ? ಇಲ್ಲ. ಹೀಗಾಗಲು ಮೂರು ಕಾರಣಗಳಿವೆ.

ಮೊದಲನೆಯದಾಗಿ, ವಲಯ ಪರಿಷತ್ತು ಸಲಹೆ ನೀಡುವ ಸಂಸ್ಥೆ. ಅದರ ಮಾತು ಆಜ್ಞೆಯಲ್ಲ. ಸಮ್ಮೇಳನಗಳ ನಿರ್ಣಯಗಳೂ ಒಡಂಬಡಿಕೆಗಳೇ ಹೊರತು ಕಾನೂನುಗಳಲ್ಲ. ನಡೆಸಿದರೆ ನಡೆಯಿತು, ಬಿಟ್ಟರೆ ಬಿಟ್ಟಿತು.

ಎರಡನೆಯದು, ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳಿಗೇ ವಿಶೇಷವಾದ ತೊಡಕು. ಕರ್ನಾಟಕವು ಆಂಧ್ರ, ತೆಲಂಗಾಣ, ಕೇರಳ, ತಮಿಳುನಾಡು, ಪುದುಚೇರಿಗಳೊಡನೆ ದಕ್ಷಿಣ ವಲಯದಲ್ಲಿದೆ. ಮಹಾರಾಷ್ಟ್ರ ಮತ್ತು ಗೋವೆಗಳು ಗುಜರಾತಿನೊಡನೆ ಪಶ್ಚಿಮ ವಲಯದಲ್ಲಿವೆ. ದಕ್ಷಿಣ ವಲಯದ ಸಭೆ 2022ರ ಸೆಪ್ಟೆಂಬರಿನಲ್ಲಿ ತಿರುವನಂತಪುರದಲ್ಲಿ ನಡೆಯಿತು. ಕಾಸರಗೋಡಿನ ಕನ್ನಡಿಗರ ಅಹವಾಲು ಇದ್ದರೆ ಅಲ್ಲಿ ಕೇಳಬೇಕಾದ ಎರಡೂ ಸರಕಾರಗಳು ಒಂದೇ ಪರಿಷತ್ತಿನ ಸದಸ್ಯರು. ಪಶ್ಚಿಮ ವಲಯದ ಸಭೆ 2025ರ ಫೆಬ್ರವರಿಯಲ್ಲಿ ಪುಣೆಯಲ್ಲಿ ನಡೆಯಿತು. ಅಲ್ಲಿ ನಮ್ಮ ಅಹವಾಲನ್ನು ಕೇಳಬೇಕಾದ ಒಂದು ಸರಕಾರವಿದೆ, ಇನ್ನೊಂದು ಆ ಪರಿಷತ್ತಿನಲ್ಲೇ ಇಲ್ಲ. ಗೋವೆಯ ಕನ್ನಡಿಗರ ಸ್ಥಿತಿಯೂ ಇದೇ. ಎರಡು ವಲಯಗಳು ಕೂಡಿ ಜಂಟಿ ಸಭೆ ನಡೆಸಬಹುದೆಂದು 1956ರ ಕಾಯಿದೆಯಲ್ಲಿಯೇ ಅವಕಾಶವಿದೆ. ಬಾಗಿಲು ಇದೆ, ತಟ್ಟಬೇಕು.

ಮೂರನೆಯದು, ದಿನನಿತ್ಯದ ಕೆಲಸಕ್ಕೆ ಯಾರೂ ಹೊಣೆಯಿಲ್ಲದಿರುವುದು. ಒಂದು ಉದಾಹರಣೆ ಕೊಡುತ್ತೇವೆ. ನಾವು ಬಲ್ಲ ಒಂದು ಶಾಲೆಯಲ್ಲಿ ಕನ್ನಡದ ಉಪಾಧ್ಯಾಯರೊಬ್ಬರು ನಿವೃತ್ತರಾದರು. ಅವರ ಜಾಗ ಎರಡು ವರ್ಷ ಖಾಲಿ ಬಿದ್ದಿತು. ಮೂರನೆಯ ವರ್ಷ ಬಂದವರು ಸಜ್ಜನರೇ, ಗಣಿತದಲ್ಲಿ ಜಾಣರೇ, ಆದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಕ್ಕಳೇ ಅವರಿಗೆ ಅಕ್ಷರ ಹೇಳಿಕೊಟ್ಟರು! ಕೇಳಲು ತಮಾಷೆಯಾಗಿದ್ದರೂ ಆ ಎರಡು ಮೂರು ವರ್ಷಗಳಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳು ಒತ್ತಕ್ಷರ ಬಾರದೆ ನಾಲ್ಕನೆಯ ತರಗತಿಗೆ ಬಂದರು. ಅವರ ಪಾಲಕರಲ್ಲಿ ಕೆಲವರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಹಾಕಿದರು. ಮಕ್ಕಳ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿಯಿತು. ಹತ್ತಕ್ಕಿಂತ ಕೆಳಗಿಳಿದ ಮೇಲೆ ಕನ್ನಡಕ್ಕೆ ಬೇಡಿಕೆಯೇ ಇಲ್ಲವೆಂಬ ಷರಾ ಬಿತ್ತು. ಯಾರೂ ಶಾಲೆಯನ್ನು ಮುಚ್ಚಲಿಲ್ಲ, ಅದು ತಾನಾಗಿಯೇ ಬತ್ತಿತು. ಗಡಿನಾಡಿನ ಬಹುತೇಕ ಶಾಲೆಗಳ ಕಥೆ ಇಷ್ಟೇ. ಇಲ್ಲಿ ದ್ವೇಷವನ್ನು ಹುಡುಕಬೇಕಾಗಿಲ್ಲ. ಅಲಕ್ಷ್ಯವೊಂದೇ ಸಾಕು.

ಸರಕಾರಗಳಿಗೆ ಕೂಡಿ ಕೆಲಸ ಮಾಡಲು ಬರುವುದಿಲ್ಲವೆನ್ನುವಂತಿಲ್ಲ. ತುಂಗಭದ್ರೆಯ ನೀರನ್ನು ಹಂಚಲು ಆಂಧ್ರ ರಾಜ್ಯ ರಚನೆಯಾದ 1953ರಲ್ಲಿಯೇ ಒಂದು ಮಂಡಳಿ ಏರ್ಪಟ್ಟಿತು. ಆದವಾನಿ, ರಾಯದುರ್ಗದ ಕಡೆಯ ವಾಚಕರು ಆ ಕಾಲುವೆಗಳ ನೀರನ್ನು ಬಲ್ಲವರು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಮಂಡಳಿಯವರೂ ರಾಜ್ಯಗಳವರೂ ಕೂಡಿ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿದರು. ಒಂದು ವಾರದೊಳಗೆ ನೀರು ನಿಂತಿತು. ಗೇಟು ಹೋದರೆ ಆ ರಾತ್ರಿಯೇ ಎಲ್ಲರಿಗೂ ಕಾಣುತ್ತದೆ. ಉಪಾಧ್ಯಾಯರು ಹೋದರೆ ಎರಡು ವರ್ಷವಾದರೂ ಕಾಣುವುದಿಲ್ಲ. ನೀರಿನ ಲೆಕ್ಕ ಇಡಲು ಮಂಡಳಿ ಇದೆ, ಖಾಲಿ ಬಿದ್ದ ಕನ್ನಡ ಉಪಾಧ್ಯಾಯರ ಜಾಗಗಳ ಲೆಕ್ಕವನ್ನು ಕೂಡಿ ಇಡುವ ಮಂಡಳಿ ಇಲ್ಲ.

ದೂರದ ಒಂದು ಗಡಿಯ ಪಾಠ

ಇಲ್ಲಿ ವಾಚಕರನ್ನು ಸ್ವಲ್ಪ ಹೊತ್ತು ಯುರೋಪಿನ ಉತ್ತರಕ್ಕೆ ಕರೆದೊಯ್ಯಬೇಕಾಗಿದೆ. ಡೆನ್ಮಾರ್ಕ್ ಮತ್ತು ಜರ್ಮನಿಗಳ ನಡುವೆ ಶ್ಲೆಸ್ವಿಗ್ ಎಂಬ ಸೀಮೆಯಿದೆ. 1864ರಲ್ಲಿ ಅದಕ್ಕಾಗಿ ಯುದ್ಧವೇ ನಡೆಯಿತು. 1920ರಲ್ಲಿ ಅಲ್ಲಿನ ಜನರ ಮತ ಕೇಳಿ ಗೆರೆ ಎಳೆದರು. ಉತ್ತರದ ಭಾಗ ಡೆನ್ಮಾರ್ಕಿಗೆ ಸೇರಿತು, ಮಧ್ಯದ ಭಾಗ ಜರ್ಮನಿಯಲ್ಲಿಯೇ ಉಳಿಯಿತು. ಜನರ ಮತ ಕೇಳಿಯೇ ಎಳೆದ ಗೆರೆಯಾದರೂ ಈಚೆಗೆ ಜರ್ಮನ್ ಮಾತಿನವರು, ಆಚೆಗೆ ಡೇನಿಷ್ ಮಾತಿನವರು ಉಳಿದೇ ಉಳಿದರು. ಭಾಷೆ ಗೆರೆಯಂತೆ ನೇರವಾಗಿ ಹರಿಯುವುದಿಲ್ಲವೆಂಬುದು ನಮಗೆ ಹೊಸ ಮಾತಲ್ಲ.

ಎರಡನೆಯ ಮಹಾಯುದ್ಧದಲ್ಲಿ 1940ರಿಂದ 1945ರವರೆಗೆ ಜರ್ಮನಿಯು ಡೆನ್ಮಾರ್ಕನ್ನು ಆಕ್ರಮಿಸಿಕೊಂಡಿತ್ತು. ಯುದ್ಧ ಮುಗಿದಾಗ ಎರಡೂ ಬದಿಯ ಮನಸ್ಸುಗಳು ಎಷ್ಟು ಕಹಿಯಾಗಿದ್ದುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ, ಯುದ್ಧ ಮುಗಿದು ಹತ್ತೇ ವರ್ಷಗಳಲ್ಲಿ, 1955ರ ಮಾರ್ಚ್ 29ರಂದು, ಎರಡು ಸರಕಾರಗಳು ಎರಡು ಘೋಷಣೆಗಳನ್ನು ಮಾಡಿದುವು. ಇವಕ್ಕೆ ಬಾನ್ ಮತ್ತು ಕೋಪನ್‌ಹೇಗನ್ ಘೋಷಣೆಗಳೆಂದು ಹೆಸರು. ಇದು ಒಪ್ಪಂದವಲ್ಲವೆಂಬುದನ್ನು ಗಮನಿಸಬೇಕು. ನೀನು ಇಷ್ಟು ಕೊಟ್ಟರೆ ನಾನು ಇಷ್ಟು ಕೊಡುತ್ತೇನೆಂಬ ಚೌಕಾಸಿ ಇದರಲ್ಲಿಲ್ಲ. ನಮ್ಮ ನೆಲದಲ್ಲಿರುವ ಡೇನಿಷ್ ಮಾತಿನವರಿಗೆ ಇಂತಿಂಥ ಹಕ್ಕುಗಳಿವೆಯೆಂದು ಪಶ್ಚಿಮ ಜರ್ಮನಿ ತನ್ನ ಸಂಸತ್ತಿನ ಮುಂದೆ ಹೇಳಿತು. ನಮ್ಮ ನೆಲದಲ್ಲಿರುವ ಜರ್ಮನ್ ಮಾತಿನವರಿಗೆ ಇಂತಿಂಥ ಹಕ್ಕುಗಳಿವೆಯೆಂದು ಡೆನ್ಮಾರ್ಕ್ ತನ್ನ ಸಂಸತ್ತಿನ ಮುಂದೆ ಹೇಳಿತು. ಪ್ರತಿಯೊಂದು ಸರಕಾರವೂ ತನ್ನ ಪ್ರಜೆಗಳಿಗೆ ತಾನೇ ಮಾತು ಕೊಟ್ಟಿತು.

ಆ ಘೋಷಣೆಗಳ ತಿರುಳು ಎರಡು. ತಾನು ಯಾವ ಸಂಸ್ಕೃತಿಯವನೆಂದು ಹೇಳಿಕೊಳ್ಳಲು ಪ್ರತಿಯೊಬ್ಬನೂ ಸ್ವತಂತ್ರ, ಅಧಿಕಾರಿಗಳು ಅದನ್ನು ಪರೀಕ್ಷಿಸಕೂಡದು. ಎರಡನೆಯದು, ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ನಡೆಸಬಹುದು, ಆಚೆಯ ತಾಯ್ನಾಡಿನೊಡನೆ ಸಾಂಸ್ಕೃತಿಕ ಸಂಬಂಧ ಇಟ್ಟುಕೊಳ್ಳಬಹುದು. ಇಂದು ಜರ್ಮನಿಯ ಬದಿಯಲ್ಲಿ ಸುಮಾರು 50,000 ಡೇನಿಷರೂ, ಡೆನ್ಮಾರ್ಕಿನ ಬದಿಯಲ್ಲಿ ಸುಮಾರು 15,000 ಜರ್ಮನರೂ ತಮ್ಮ ತಮ್ಮ ಶಾಲೆ, ಗ್ರಂಥಾಲಯ, ಪತ್ರಿಕೆಗಳೊಡನೆ ಬಾಳುತ್ತಿದ್ದಾರೆ. ಡೇನಿಷರ ಶಾಲೆಗಳಿಗೆ ಜರ್ಮನಿಯ ಪ್ರಾಂತ ಸರಕಾರವೂ ಹಣ ಕೊಡುತ್ತದೆ, ಡೆನ್ಮಾರ್ಕ್ ಸರಕಾರವೂ ಕೊಡುತ್ತದೆ. ಅದನ್ನು ಯಾರೂ ಹೊರಗಿನವರ ಹಸ್ತಕ್ಷೇಪವೆನ್ನುವುದಿಲ್ಲ.

ಅಲ್ಲಿಯೂ ಎಡರು ಬರದೆ ಇಲ್ಲ. 2010ರಲ್ಲಿ ಖರ್ಚು ಕಡಿಮೆ ಮಾಡುವ ನೆಪದಲ್ಲಿ ಪ್ರಾಂತ ಸರಕಾರವು ಡೇನಿಷ್ ಶಾಲೆಯ ಮಗುವಿಗೆ ಕೊಡುವ ಹಣವನ್ನು ಬೇರೆ ಮಕ್ಕಳಿಗೆ ಕೊಡುವುದರ ನೂರಕ್ಕೆ 85ಕ್ಕೆ ಇಳಿಸಿತು. ಡೆನ್ಮಾರ್ಕ್ ಸರಕಾರ ಮರ್ಯಾದೆ ಮೀರದೆ ತನ್ನ ಅಸಮಾಧಾನವನ್ನು ತಿಳಿಸಿತು. ಆದರೆ ತನ್ನ ನೆಲದ ಜರ್ಮನ್ ಶಾಲೆಗಳ ಮೇಲೆ ಸೇಡು ತೀರಿಸಿಕೊಳ್ಳಲಿಲ್ಲ. 2012ರಲ್ಲಿ ಚುನಾವಣೆಯಾಗಿ ಬಂದ ಹೊಸ ಪ್ರಾಂತ ಸರಕಾರದಲ್ಲಿ ಡೇನಿಷರ ಪಕ್ಷವೇ ಪಾಲುದಾರನಾಯಿತು, ಕಡಿದ ಹಣ ಮರಳಿ ಬಂತು. ನಮಗೆ ಬೇಕಾದ ಪಾಠ ಈ ಸೇಡಿಲ್ಲದ ನಡತೆಯಲ್ಲಿದೆ.

ನಮ್ಮ ಉಪಖಂಡದ ಅನುಭವ

ಇದಕ್ಕೆ ವಿರುದ್ಧವಾದ ಪಾಠವೂ ನಮ್ಮ ಹತ್ತಿರದಲ್ಲೇ ಇದೆ. ದಕ್ಷಿಣ ಏಷ್ಯದ ಏಳು ದೇಶಗಳು ಕೂಡಿ 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಸಾರ್ಕ್ ಸಂಸ್ಥೆಯನ್ನು ಕಟ್ಟಿದುವು. ಅದರ ಎರಡನೆಯ ಶೃಂಗಸಭೆ 1986ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಕಾಠಮಾಂಡುವಿನಲ್ಲಿ ಕಾರ್ಯಾಲಯ ತೆರೆಯುವ ತಿಳಿವಳಿಕೆ ಪತ್ರಕ್ಕೆ ಸಹಿ ಬಿದ್ದದ್ದೂ ಅಲ್ಲಿಯೇ. 2004ರಲ್ಲಿ ಬಡತನ, ಆರೋಗ್ಯ, ಶಿಕ್ಷಣ, ಸ್ತ್ರೀಯರು, ಮಕ್ಕಳು ಇವರನ್ನು ಕುರಿತ ಸಾಮಾಜಿಕ ಸನ್ನದಿಗೆ ಆ ದೇಶಗಳು ಒಪ್ಪಿಗೆಯಿತ್ತುವು. 2010ರಲ್ಲಿ ದೆಹಲಿಯಲ್ಲಿ ದಕ್ಷಿಣ ಏಷ್ಯ ವಿಶ್ವವಿದ್ಯಾಲಯ ಆರಂಭವಾಯಿತು. ಉದ್ದೇಶಗಳು ಒಳ್ಳೆಯವೇ. ಆದರೆ 2014ರಲ್ಲಿ ಕಾಠಮಾಂಡುವಿನಲ್ಲಿ ನಡೆದ 18ನೆಯ ಶೃಂಗಸಭೆಯಾದ ಮೇಲೆ ಮುಂದಿನದು ಕೂಡಲೇ ಇಲ್ಲ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಾಗಿದ್ದ ಸಭೆ ನಿಂತುಹೋಯಿತು. ದೊಡ್ಡ ವೈಮನಸ್ಯಕ್ಕೆ ತಕ್ಕ ಕಾರಣಗಳಿರಬಹುದು, ಅದು ಬೇರೆ ವಿಷಯ. ಆದರೆ ಮಕ್ಕಳ ಮತ್ತು ಆರೋಗ್ಯದ ಸಣ್ಣ ಕೆಲಸಗಳನ್ನು ದೊಡ್ಡ ಜಗಳದ ಗೂಟಕ್ಕೆ ಕಟ್ಟಿದರೆ ಜಗಳ ನಿಂತಲ್ಲಿ ಕೆಲಸವೂ ನಿಲ್ಲುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಕೂಸು ನಮ್ಮ ಗಡಿಯಲ್ಲಿಯೂ ಇದೆ. ನ್ಯಾಯಮೂರ್ತಿ ಮೆಹರಚಂದ ಮಹಾಜನ ಅವರ ಆಯೋಗವು 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟಿತು. ಅಂದಿನಿಂದ ವಾದ ನಡೆದೇ ಇದೆ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗೃಹಮಂತ್ರಿಗಳು ಎರಡೂ ಮುಖ್ಯಮಂತ್ರಿಗಳನ್ನು ಕರೆಸಿ ಮಾತನಾಡಿದರು. ನ್ಯಾಯಾಲಯದ ತೀರ್ಪು ಬರುವವರೆಗೆ ಯಾರೂ ಹೊಸ ಹಕ್ಕು ಸಾಧಿಸಬಾರದೆಂದೂ, ಉಳಿದ ಸಣ್ಣ ಪುಟ್ಟ ವಿಷಯಗಳನ್ನು ಬಗೆಹರಿಸಲು ಎರಡೂ ಕಡೆಯಿಂದ ಮೂವರು ಮೂವರಂತೆ ಸಚಿವರ ಸಮಿತಿ ಆಗಬೇಕೆಂದೂ ಅಲ್ಲಿ ಒಪ್ಪಿಗೆಯಾಯಿತು. ಸಣ್ಣ ಪುಟ್ಟ ವಿಷಯಗಳೆಂಬ ಆ ಮಾತಿನಲ್ಲಿಯೇ ನಮ್ಮ ಬದುಕೆಲ್ಲ ಅಡಗಿದೆ. 1967ರಲ್ಲಿ ಒಂದನೆಯ ತರಗತಿಯಲ್ಲಿದ್ದ ಮಗು ಇಂದು ಅಜ್ಜನಾಗಿದ್ದಾನೆ. ಗಡಿಯ ತೀರ್ಪು ಬರಲಿ, ಯಾವ ದಿನ ಬೇಕಾದರೂ ಬರಲಿ. ಅಲ್ಲಿಯವರೆಗೆ ಅವನ ಮೊಮ್ಮಗಳ ಶಾಲೆ ಕಾಯಲಾರದು.

ಒಂದೇ ತಕ್ಕಡಿ

ಈಗ ನಾವು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇವೆ. ಇದು ಕೆಲವರಿಗೆ ರುಚಿಸದಿರಬಹುದು. ಗಡಿಯಾಚೆ ಬೆಳಗಾವಿಯಲ್ಲಿ ಮರಾಠಿ ಶಾಲೆಗಳಿವೆ. ಬಳ್ಳಾರಿ, ಕೋಲಾರದ ಕಡೆ ತೆಲುಗಿನವರಿದ್ದಾರೆ. ಬೆಂಗಳೂರು, ಕೋಲಾರದ ಚಿನ್ನದ ಗಣಿಗಳಲ್ಲಿ ತಮಿಳರು, ದಕ್ಷಿಣ ಕನ್ನಡದಲ್ಲಿ ಮಲೆಯಾಳಿಗಳು ಇದ್ದಾರೆ. ಆ ಮಕ್ಕಳೂ ಅಲ್ಲಿ ನಮ್ಮಂತೆಯೇ ಭಾಷಾ ಅಲ್ಪಸಂಖ್ಯಾತರು. ಅವರಲ್ಲಿ ಯಾರಿಗಾದರೂ ಶಾಲೆ ತಪ್ಪಿದಾಗ, ನಮ್ಮವರಿಗೆ ಅಲ್ಲಿ ಆಗಿದೆ, ಅವರಿಗೂ ಇಲ್ಲಿ ಆಗಲಿ ಎಂಬ ಮಾತು ಒಮ್ಮೊಮ್ಮೆ ಕೇಳಿಬರುತ್ತದೆ. ಅಷ್ಟೇ ಸುಲಭವಾಗಿ ಈಚೆಯಲ್ಲಿಯೂ ಅದೇ ಮಾತು ಕೇಳಿಬರುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾದರೆ ಬಂಡಿಯಲ್ಲಿ ಕುಳಿತ ಮಕ್ಕಳ ಗತಿಯೇನು?

ರಾಜ್ಯಭಾಷೆಯ ಕಾನೂನುಗಳನ್ನೇ ನೋಡಿರಿ. ತಮಿಳುನಾಡು 2006ರಲ್ಲಿ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿತು. ಕರ್ನಾಟಕ 2015ರಲ್ಲಿ ಕನ್ನಡವನ್ನು, ಕೇರಳ 2017ರಲ್ಲಿ ಮಲೆಯಾಳವನ್ನು, ತೆಲಂಗಾಣ 2018ರಲ್ಲಿ ತೆಲುಗನ್ನು, ಮಹಾರಾಷ್ಟ್ರ 2020ರಲ್ಲಿ ಮರಾಠಿಯನ್ನು ಕಡ್ಡಾಯ ಮಾಡುವ ಕಾನೂನು ತಂದುವು. ನಾವು ಕಾಸರಗೋಡಿನಲ್ಲಿ, ಹೊಸೂರಿನಲ್ಲಿ ಯಾವ ರಿಯಾಯಿತಿಯನ್ನು ಕೇಳುತ್ತೇವೆಯೋ ಅದನ್ನೇ ಇನ್ನೊಬ್ಬರು ಬೆಂಗಳೂರಿನಲ್ಲಿ ಕೇಳುತ್ತಾರೆ. ತಕ್ಕಡಿ ಒಂದೇ ಇರಬೇಕು. ರಾಜ್ಯಭಾಷೆಯನ್ನು ಕಲಿಯಬಾರದೆಂದು ನಾವು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ. ಅನ್ನ ಉಣ್ಣುವ ನೆಲದ ಭಾಷೆಯನ್ನು ಚೆನ್ನಾಗಿ ಕಲಿತ ಮಗುವೇ ನಾಳೆ ಕಚೇರಿಯಲ್ಲಿ, ಪೇಟೆಯಲ್ಲಿ, ನ್ಯಾಯಾಲಯದಲ್ಲಿ ತಲೆಯೆತ್ತಿ ನಿಲ್ಲುತ್ತದೆ. ಆದರೆ ರಾಜ್ಯಭಾಷೆ ಮಾತೃಭಾಷೆಯ ಪಕ್ಕದಲ್ಲಿ ಬಂದು ಕೂರಬೇಕು, ಅದನ್ನು ಎಬ್ಬಿಸಿ ಅದರ ಮಣೆಯ ಮೇಲೆ ಕೂರಬಾರದು. ಈ ನ್ಯಾಯ ನಮಗೆ ಬೇಕಾದರೆ ಬೆಳಗಾವಿಯ ಮರಾಠಿ ಮಗುವಿಗೂ ಬೇಕೆಂದು ಮೊದಲು ಹೇಳಬೇಕಾದವರು ನಾವೇ. ಕರ್ನಾಟಕವು ತನ್ನ ಅಲ್ಪಸಂಖ್ಯಾತರ ಶಾಲೆಗಳನ್ನು ಎಷ್ಟು ಚೆನ್ನಾಗಿ ನಡೆಸುತ್ತದೆಯೋ ಅಷ್ಟು ಬಲ ನಮ್ಮ ಅರ್ಜಿಗಳಿಗೆ ಬರುತ್ತದೆ.

ಇಂತಹ ಒಳ್ಳೆಯ ನಡತೆ ಈಗಲೂ ಇಲ್ಲದಿಲ್ಲ. 1967ರಲ್ಲಿ ಆರಂಭವಾದ ಪುಣೆಯ ಬಾಲಭಾರತಿಯು ಮರಾಠಿಯೊಡನೆ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಅಚ್ಚು ಹಾಕುತ್ತದೆ. ನಮ್ಮ ಸೀಮೆಯ ಮಕ್ಕಳು ಓದುವುದು ಅವನ್ನೇ. ಬೆಂಗಳೂರಿನಲ್ಲಿ ಕರ್ನಾಟಕ ಸರಕಾರವೂ ಮರಾಠಿ, ಉರ್ದು, ತೆಲುಗು, ತಮಿಳು ಮಾಧ್ಯಮದ ಪುಸ್ತಕಗಳನ್ನು ಹೊರತರುತ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಕನ್ನಡಿಗರೂ ತಮಿಳರೂ ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದು ಒಪ್ಪಿದೆ. ಕರ್ನಾಟಕವು ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಕಾಸರಗೋಡು ಮೊದಲಾದ ಕಡೆಯ ಕನ್ನಡ ಮಕ್ಕಳಿಗೆ ತನ್ನ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಅವಕಾಶ ಕಲ್ಪಿಸಿದೆ. 2010ರ ಕಾಯಿದೆಯಿಂದ ಗಡಿ ಪ್ರದೇಶಾಭಿವೃದ್ಧಿಗಾಗಿಯೇ ಒಂದು ಪ್ರಾಧಿಕಾರವನ್ನು ನಿರ್ಮಿಸಿದೆ. ಇವೆಲ್ಲ ಬಿಡಿಬಿಡಿ ಎಳೆಗಳು. ಇವನ್ನು ಹೊಸೆದು ಹಗ್ಗ ಮಾಡುವ ಕೆಲಸ ಆಗಬೇಕಾಗಿದೆ.

ಮೊದಲು ಆಗಬೇಕಾದದ್ದು

ನೆರೆಯ ಸರಕಾರಗಳು ಕೂಡಿ ಕುಳಿತಾಗ ಮೂರು ಕೆಲಸಗಳನ್ನು ಮಾಡಿದರೆ ಸಾಕೆಂದು ನಮ್ಮ ಅಭಿಪ್ರಾಯ. ಮೊದಲನೆಯದು, ಖಾಲಿ ಇರುವ ಅಲ್ಪಸಂಖ್ಯಾತ ಭಾಷಾ ಉಪಾಧ್ಯಾಯರ ಜಾಗಗಳ ಪಟ್ಟಿಯನ್ನು ಪ್ರತಿವರ್ಷ ಮೇ ತಿಂಗಳಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಕೊಡುವುದು. ಎರಡನೆಯದು, ಗಡಿಯಾಚೆ ತರಬೇತಿ ಪಡೆದ ಉಪಾಧ್ಯಾಯರ ಪ್ರಮಾಣಪತ್ರವನ್ನು ಗಡಿಯೀಚೆಯ ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ ಮಾನ್ಯ ಮಾಡುವುದು. ಕನ್ನಡದಲ್ಲಿ ತರಬೇತಿ ಪಡೆದ ತರುಣರು ಕಲಬುರಗಿಯಲ್ಲಿ ಕೆಲಸವಿಲ್ಲದೆ ಕುಳಿತಿರುವಾಗ ಅಲ್ಲಿಗೆ ನಾಲ್ಕು ಗಂಟೆಯ ಹಾದಿಯೂ ಇಲ್ಲದ ಊರಿನಲ್ಲಿ ಕನ್ನಡ ಮಕ್ಕಳು ಗುರುಗಳಿಲ್ಲದೆ ಕೂರುವುದು ವಿಪರ್ಯಾಸವಲ್ಲವೇ? ಮೂರನೆಯದು, ದಕ್ಷಿಣ ಮತ್ತು ಪಶ್ಚಿಮ ವಲಯಗಳ ಜಂಟಿ ಸಭೆಯನ್ನು ಈ ಒಂದು ವಿಷಯಕ್ಕಾಗಿಯೇ ಕರೆಯುವುದು. ಇದಾವುದಕ್ಕೂ ಗಡಿಕಲ್ಲನ್ನು ಒಂದು ಅಂಗುಲ ಸರಿಸಬೇಕಾಗಿಲ್ಲ.

ನಮ್ಮ ಕುಟುಂಬಗಳು ಮಾಡಬೇಕಾದದ್ದೂ ಇದೆ. ಜನಗಣತಿಯವರು ಬಂದಾಗ ಮಾತೃಭಾಷೆ ಕನ್ನಡವೆಂದು ಸಂಕೋಚವಿಲ್ಲದೆ ಬರೆಸಿರಿ. ಬರೆಸದ ಭಾಷೆಗೆ ಲೆಕ್ಕವಿಲ್ಲ, ಲೆಕ್ಕವಿಲ್ಲದ್ದಕ್ಕೆ ಸೌಲಭ್ಯವಿಲ್ಲ. ಶಾಲೆ ಆರಂಭವಾಗುವ ಮೂರು ತಿಂಗಳು ಮೊದಲೇ ಹೋಗಿ ಮಗುವಿನ ಮಾಧ್ಯಮದ ಬೇಡಿಕೆಯನ್ನು ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆದಿಟ್ಟುಕೊಳ್ಳಿರಿ. ಮುಖ್ಯಾಧ್ಯಾಪಕರು ಪುಸ್ತಕವಿಲ್ಲವೆಂದರೆ ಒಂದು ಕಾಗದದ ಮೇಲೆ ಬರೆದು ಕೊಡಿರಿ, ಅದೂ ದಾಖಲೆಯೇ. ಮಗು ಒಂದು ವರ್ಷ ಹಿಂದೆ ಬಿದ್ದಿತೆಂದು ಅವಸರದಿಂದ ಮಾಧ್ಯಮ ಬದಲಿಸಬೇಡಿರಿ. ಒಂದು ಮನೆಯವರು ಬಿಟ್ಟುಹೋದರೆ ಸಂಖ್ಯೆ ಒಂಬತ್ತಾಗುತ್ತದೆ, ಉಳಿದ ಒಂಬತ್ತು ಮಕ್ಕಳೂ ಗುರುಗಳನ್ನು ಕಳೆದುಕೊಳ್ಳುತ್ತಾರೆ. ಮಗುವಿಗೆ ರಾಜ್ಯಭಾಷೆಯನ್ನೂ ಪ್ರೀತಿಯಿಂದಲೇ ಕಲಿಸಿರಿ.

ಹತ್ತು ಮಕ್ಕಳ ಹೆಸರನ್ನು ಪುಸ್ತಕದಲ್ಲಿ ಬರೆಸುವುದು ನಮ್ಮ ಪಾಲಿನ ಕೆಲಸ. ಆ ಹತ್ತು ಮಕ್ಕಳಿಗೆ ಅವರ ಮಾತಿನಲ್ಲಿ ಕಲಿಸುವ ಒಬ್ಬ ಗುರುವನ್ನು ಕೊಡುವುದು ಸರಕಾರಗಳ ಪಾಲಿನ ಕೆಲಸ. ಮುಂದಿನ ಜೂನ್ ಬರುವ ಮೊದಲೇ ನಮ್ಮ ಪಾಲಿನದನ್ನು ನಾವು ಮುಗಿಸಿಟ್ಟಿರೋಣ.